ಬೇಸಗೆಯಲ್ಲಿ ಬೆಟ್ಟದೋಟ

ಓಡುವುದಕ್ಕೆ ಕಾರಣ ಬೇಕೆಂಬುದು ನಮ್ಮ ಸೀಮೆಯ ತಿಳಿವಳಿಕೆ. ಬಸ್ಸು ತಪ್ಪಿಹೋಗುವುದೆಂದು ಓಡಬಹುದು. ಹಗ್ಗ ಕಿತ್ತ ಕರುವಿನ ಬೆನ್ನು ಹತ್ತಿ ಓಡಬಹುದು. ಹಿಂದೆ ಅಟ್ಟುವ ನಾಯಿಯಿಲ್ಲದೆ, ಮುಂದೆ ಹೊರಟು ನಿಂತ ಬಸ್ಸಿಲ್ಲದೆ, ನರೆಗೂದಲಿನ ಉಪಾಧ್ಯಾಯನೊಬ್ಬನು ನಂಜನಗೂಡಿನ ಹೊರಗೆ ನಾಲೆಯ ಏರಿಯ ಮೇಲೆ ನಸುಕಿನಲ್ಲಿ ಓಡುವುದನ್ನು ಕಂಡರೆ, ಗದ್ದೆಗೆ ನೀರು ಕಟ್ಟಲು ಬಂದವರು ಗುದ್ದಲಿ ಊರಿ ನಿಂತು, “ಏನಾಯ್ತು ಮೇಷ್ಟ್ರೆ?” ಎಂದು ಕೇಳುವುದು ಸಹಜವೇ. ಹತ್ತು ವರ್ಷ ಈ ಪ್ರಶ್ನೆಗೆ ನಗೆಯೇ ನನ್ನ ಉತ್ತರವಾಗಿತ್ತು. ಕಳೆದ ವರ್ಷದ ಬೇಸಗೆಯಲ್ಲಿ ನನ್ನ ತಂಗಿ ಅದೇ ಪ್ರಶ್ನೆಯನ್ನು ಕೇಳಿದಳು. ಆಗ ನಗುವುದಕ್ಕಾಗಲಿಲ್ಲ.

ತಂಗಿಯ ಮನೆ ತಿರುಮಕೂಡಲು ನರಸೀಪುರದಲ್ಲಿ. ಅವಳ ಯಜಮಾನರು ಕಾಲವಾದ ಮೇಲೆ ಅವಳಿಗೆ ಉಳಿದವನು ಒಬ್ಬನೇ ಮಗ. ಅವನು ಬೆಂಗಳೂರಿನಲ್ಲಿ, ತಂಪು ಮಾಡಿದ ಕೋಣೆಯೊಳಗೆ ಹಗಲೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಕೆಲಸಮಾಡುವವನು. ಮಳೆಗಾಲ ಕಳೆದ ಬಳಿಕ ಚಿಕ್ಕಮಗಳೂರಿನ ಕಡೆ ಕಾಫಿ ತೋಟಗಳ ನಡುವೆ 50 ಕಿಲೋಮೀಟರ್ ಓಡುವ ಪಂದ್ಯಕ್ಕೆ ನಾವಿಬ್ಬರೂ ಹೆಸರು ಕೊಟ್ಟೆವು. “ಅಣ್ಣಯ್ಯ ಜೊತೆಗಿದ್ದಾನೆಂದರೆ ನನಗೆ ಚಿಂತೆಯಿಲ್ಲ” ಎಂದು ತಂಗಿ ಹೇಳಿದ್ದಳು. ಆ ಮಾತನ್ನು ಆಗ ಹೊಗಳಿಕೆಯೆಂದುಕೊಂಡೆ. ಅದು ಹೊಣೆಯೆಂದು ಹೊಳೆಯಲಿಲ್ಲ.

ಬೆಟ್ಟದಲ್ಲಿ ಓಡಬೇಕಾದವನು ಬೆಟ್ಟದಲ್ಲೇ ಅಭ್ಯಾಸಮಾಡಬೇಕು. ನಮ್ಮ ಎರಡೂ ಊರುಗಳು ಹೊಳೆಯ ದಂಡೆಯವು. ನಂಜನಗೂಡಿನಲ್ಲಿ ಕಪಿಲೆ, ನರಸೀಪುರದಲ್ಲಿ ಆ ಕಪಿಲೆಯೇ ಕಾವೇರಿಯನ್ನು ಕೂಡುತ್ತದೆ. ಸುತ್ತಲೂ ಗದ್ದೆ, ಬಾಳೆಯ ತೋಟ. ತಲಕಾಡಿನ ಬಳಿಯ ಮುಡುಕುತೊರೆಯ ಬೆಟ್ಟವು ಮಲ್ಲಿಕಾರ್ಜುನನಿಗೆ ಸಾಕಾದರೂ ಓಟಗಾರನಿಗೆ ಸಾಲದು. ತೆಂಕಲಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಬಂಡೀಪುರದ ಹುಲಿ ಕಾಡಿಗೆ ಸೇರಿದ್ದು. ಬಿಳಿಗಿರಿರಂಗನ ಬೆಟ್ಟವೂ 2011ರಿಂದ ಹುಲಿಗಳಿಗೆ ಮೀಸಲು. ಅಲ್ಲಿ ಓಡಬೇಕಾದರೆ ಸರ್ಕಾರದ ಅಪ್ಪಣೆಗಿಂತ ಮುಂಚೆ ಹುಲಿಯ ಅಪ್ಪಣೆ ಬೇಕು. ಆದುದರಿಂದ ನಮ್ಮ ಪಾಲಿಗೆ ಉಳಿದದ್ದು ಚಾಮುಂಡಿ ಬೆಟ್ಟ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ತುಸು ಮೇಲೆ, ಮೈಸೂರು ಪಟ್ಟಣದಿಂದ ಸುಮಾರು 300 ಮೀಟರ್ ಎತ್ತರದಲ್ಲಿ ಅದರ ನೆತ್ತಿಯಿದೆ. 1659ರಲ್ಲಿ ಪಟ್ಟಕ್ಕೆ ಬಂದ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲುಗಳ ದಾರಿ. ಏಳುನೂರನೆಯ ಮೆಟ್ಟಿಲಿನ ಆಸುಪಾಸಿನಲ್ಲಿ, ಅವರ ಕಾಲದ್ದೇ ಆದ ದೊಡ್ಡ ನಂದಿ. ಒಡೆಯರು ಭಕ್ತರಿಗಾಗಿ ಕಟ್ಟಿಸಿದ ಮೆಟ್ಟಿಲನ್ನು ನಾವು ಗಡಿಯಾರಕ್ಕಾಗಿ ಹತ್ತಲು ಹೊರಟೆವು.

ಬೇಸಗೆಯೇ ಏಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಶಾಸ್ತ್ರದ ಆಧಾರವಿದೆ. ಸೆಕೆಯಲ್ಲಿ ದಿನವೂ ಸ್ವಲ್ಪಸ್ವಲ್ಪ ದುಡಿದ ದೇಹವು ಹತ್ತು ಹದಿನಾಲ್ಕು ದಿನಗಳಲ್ಲಿ ಮಾರ್ಪಡುತ್ತದೆ. ರಕ್ತದಲ್ಲಿಯ ನೀರಿನಂಶ ಹೆಚ್ಚುತ್ತದೆ. ಬೆವರು ಬೇಗನೆ ಒಡೆಯುತ್ತದೆ. ಬೆವರಿನೊಡನೆ ಹೋಗುವ ಉಪ್ಪು ಕಡಮೆಯಾಗುತ್ತದೆ. ಅದೇ ವೇಗಕ್ಕೆ ಹೃದಯದ ಬಡಿತ ತಗ್ಗುತ್ತದೆ. ಇದನ್ನೆಲ್ಲ ನಾನು ಓದಿದ್ದೆ, ಅಳಿಯನಿಗೂ ಹೇಳಿದ್ದೆ. “ದಿನವೂ ಸ್ವಲ್ಪಸ್ವಲ್ಪ” ಎಂಬ ಮಾತನ್ನು ಮಾತ್ರ ಇಬ್ಬರೂ ಮರೆತೆವು. ನಾನು ನಾಲೆಯ ಏರಿಯ ಬಿಸಿಲಿಗೆ ಹತ್ತು ವರ್ಷದಿಂದ ಒಗ್ಗಿದವನು. ಅವನು ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ತಂಪು ಕೋಣೆಯಿಂದ ನೇರವಾಗಿ ಬಂದವನು.

ಅದು ಏಪ್ರಿಲ್ ತಿಂಗಳ ಒಂದು ಶನಿವಾರ. ಮೂರು ಸಲ ಹತ್ತಿ ಇಳಿಯಬೇಕೆಂದು ಗೊತ್ತುಮಾಡಿ, ಆರು ಗಂಟೆಗೆ ಮೊದಲ ಮೆಟ್ಟಿಲು ತುಳಿದೆವು. ಹುಡುಗನು ಮೊದಲ ಎರಡು ಸಲ ಜಿಂಕೆಯಂತೆ ಹತ್ತಿದನು. ಮೂರನೆಯ ಸಲ ನಾಲ್ಕು ನಿಮಿಷ ತಡವಾಯಿತು. ಅಷ್ಟರಲ್ಲಿ ಒಂಬತ್ತು ಗಂಟೆ ಮೀರಿ, ಕಲ್ಲು ಕಾಯತೊಡಗಿತ್ತು. ಅವನು ಮೆಟ್ಟಿಲ ಮೇಲೆ ಕುಳಿತು, “ಸಾಕು ಮಾವ” ಎಂದನು. ನಾನು ಕೈಗಡಿಯಾರವನ್ನು ನೋಡಿಕೊಂಡು, ಉಪಾಧ್ಯಾಯರಿಗೆ ಬಾಯಿಗೆ ಬರುವ ಬಗೆಯ ದೃಷ್ಟಾಂತವೊಂದನ್ನು ಹೇಳಿದೆ: ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರಲ್ಲಿ ಆಂಟ್‌ವರ್ಪಿನ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು, ಎರಡು ಗಂಟೆ ಐವತ್ತು ನಿಮಿಷದ ಓಟ, ಅವರು ನಡುದಾರಿಯಲ್ಲಿ ಸಾಕೆಂದಿದ್ದರೆ ಇಂದು ಅವರ ಹೆಸರನ್ನು ಯಾರು ಹೇಳುತ್ತಿದ್ದರು? ಹುಡುಗನು ಮಾತಾಡದೆ ಎದ್ದನು. ಸತ್ಪುರುಷರ ಹೆಸರನ್ನು ಚಾಟಿಯಂತೆ ಬಳಸಿದ ಪಾಪ ನನ್ನದು.

ನಾಲ್ಕನೆಯ ಸಲ ನಂದಿಗೆ ಇನ್ನೂ ನೂರು ಮೆಟ್ಟಿಲಿರುವಾಗ ಅವನ ಹೆಜ್ಜೆ ಅಡ್ಡಾದಿಡ್ಡಿಯಾಯಿತು. “ಏನಪ್ಪಾ?” ಎಂದೆ. “ಬಸ್ಸು ನರಸೀಪುರಕ್ಕೆ ಬಂತೇ?” ಎಂದು ಕೇಳಿದನು. ಹಾಸ್ಯವೆಂದು ತಿಳಿದು ನಕ್ಕೆ. ಅವನು ನಗಲಿಲ್ಲ; ಗೋಡೆಯ ಕಡೆಗೆ ವಾಲಿ ಕುಸಿದನು. ಮುಟ್ಟಿದರೆ ಮೈ ಒಲೆಯ ಕಲ್ಲಿನಂತಿತ್ತು.

ಚಾಮುಂಡಿಯ ಮೆಟ್ಟಿಲನ್ನು ಹತ್ತಿದವರೆಲ್ಲ ಅಂಥ ಹೆಂಗಸರನ್ನು ಕಂಡಿರುತ್ತಾರೆ: ಹರಕೆ ಹೊತ್ತು, ಒಂದೊಂದು ಮೆಟ್ಟಿಲಿಗೂ ಬಾಗಿ, ಅರಿಸಿನ ಕುಂಕುಮ ಹಚ್ಚುತ್ತ ಏರುವವರು. ಆ ಬೆಳಗ್ಗೆ ಅಂಥ ವೃದ್ಧೆಯೊಬ್ಬರನ್ನು ನಾವು ಹತ್ತುತ್ತ ಇಳಿಯುತ್ತ ನಾಲ್ಕಾರು ಸಲ ದಾಟಿ ಹೋಗಿದ್ದೆವು. ದಾಟುವಾಗ ಒಂದು ಸಲ, ದಾರಿಗೆ ಅಡ್ಡವಾಗಿದ್ದಾರಲ್ಲಾ ಎಂದು ನನಗೆ ಬೇಸರವೂ ಆಗಿತ್ತು. ನಾನು ಹುಡುಗನ ಬಾಯಿಗೆ ನೀರಿನ ಸೀಸೆ ಹಿಡಿಯುತ್ತಿದ್ದಾಗ ಅವರು ಬಂದು ನನ್ನ ಕೈಯನ್ನು ತಳ್ಳಿದರು. “ಬಾಯ್ಗಾಕ್‌ಬ್ಯಾಡಿ ಬುದ್ಧಿ, ನೆತ್ತಿಗ್ ಸಿಕ್ಕೊಂಡಾತು. ಮೈಮ್ಯಾಲ್ ಹುಯ್ಯಿ!” ಎಂದು ತಮ್ಮ ಚೊಂಬಿನ ಅರಿಸಿನದ ನೀರನ್ನು ಅವನ ತಲೆ, ಕತ್ತು, ಎದೆಯ ಮೇಲೆ ಸುರಿದೇಬಿಟ್ಟರು. ದಾರಿಯವರೆಲ್ಲ ತಮ್ಮತಮ್ಮ ಸೀಸೆಗಳನ್ನು ಬರಿದುಮಾಡಿದರು. ನಾಲ್ವರು ಅವನನ್ನು ನೆರಳಿಗೆ ಎತ್ತಿ, ಅಂಗಿ ಬಿಚ್ಚಿ, ಒದ್ದೆ ಬಟ್ಟೆ ಹೊದಿಸಿ ಟವಲಿನಿಂದ ಬೀಸಿದರು. ಕಾಲುಗಂಟೆಯ ಮೇಲೆ ಅವನು ಕಣ್ಣು ಬಿಟ್ಟು, ಹಳದಿಯಾಗಿದ್ದ ತನ್ನ ಕೈಗಳನ್ನು ನೋಡಿಕೊಂಡು, “ಮಾವ, ನನಗೆ ಮದುವೆಯೇ?” ಎಂದನು. ಈ ಸಲ ಅದು ಹಾಸ್ಯವೇ. ನನಗೆ ಅಳು ಬಂತು.

ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ ಮಾತನ್ನು ಓಡುವವರೂ ಓಡದವರೂ ನೆನಪಿನಲ್ಲಿಡಬೇಕು. ದುಡಿಮೆಯಿಂದ ಒಡಲಿನ ಕಾವು 40 ಡಿಗ್ರಿಯನ್ನು ದಾಟಿ ಬುದ್ಧಿ ಭ್ರಮಿಸಿತೆಂದರೆ ಅದು ಬರಿಯ ದಣಿವಲ್ಲ, ಪ್ರಾಣಕ್ಕೆ ಬಂದ ಕುತ್ತು. ಬೆವರು ಸುರಿಯುತ್ತಿದ್ದರೂ ಅದು ಆಗಬಹುದು. ಅಂಥವನನ್ನು ಮೊದಲು ತಂಪುಮಾಡಬೇಕು, ಆಮೇಲೆ ಸಾಗಿಸಬೇಕು. ಮೊದಲ ಅರ್ಧ ಗಂಟೆಯೊಳಗೆ ಕಾವನ್ನು ಇಳಿಸಿದರೆ ಬದುಕುವ ಭರವಸೆ ಬಹಳ. “ಅಲ್ಲಿ ನೀರು ಸುರಿದವರು ಯಾರು?” ಎಂದು ವೈದ್ಯರು ಕೇಳಿದರು. ನಾನೆಂದು ಅವರು ಭಾವಿಸಿದ್ದಂತೆ ತೋರಿತು. ಅಲ್ಲವೆಂದೆ. ಆ ತಾಯಿಯ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಇಷ್ಟನ್ನೂ ತಂಗಿಗೆ ಅಂದೇ ಹೇಳಬೇಕಾಗಿತ್ತು. ಹೇಳಲಿಲ್ಲ. “ಅಮ್ಮನಿಗೆ ತಿಳಿಸಬೇಡಿ ಮಾವ” ಎಂದು ಹುಡುಗನು ಅಂದದ್ದು ನನಗೆ ಅನುಕೂಲವಾಯಿತು. ಎಂಟು ದಿನ ಅವಳು ಫೋನು ಮಾಡಿದಾಗಲೆಲ್ಲ ಅಭ್ಯಾಸ ಚೆನ್ನಾಗಿ ನಡೆದಿದೆಯೆಂದೆ. ನಮ್ಮೂರಿನ ದೇವರು ನಂಜನ್ನು ಗಂಟಲಲ್ಲೇ ತಡೆದು ಲೋಕವನ್ನು ಕಾಪಾಡಿದನು. ನಾನು ಗಂಟಲಲ್ಲಿ ತಡೆದದ್ದರಿಂದ ಕಾಪಾಡಿಕೊಂಡದ್ದು ನನ್ನ ಮಾನವೊಂದನ್ನೇ. ಒಂಬತ್ತನೆಯ ದಿನ ನರಸೀಪುರದ ಬಸ್ಸು ಹತ್ತಿದೆ.

ಅವಳು ಮೊರದಲ್ಲಿ ಅವರೆಕಾಳು ಹಸನುಮಾಡುತ್ತಿದ್ದಳು. ನನ್ನ ಮುಖವನ್ನು ನೋಡಿದವಳೇ, “ಏನಾಯ್ತು ಅಣ್ಣಯ್ಯ?” ಎಂದಳು. ಎಲ್ಲವನ್ನೂ ಹೇಳಿದೆ. ಕೂಗಾಡುವಳೆಂದು ಕಾದೆ. ಬಹಳ ಹೊತ್ತು ಕಾಳಿನಲ್ಲಿ ಕೈಯಾಡಿಸುತ್ತ ಕುಳಿತಿದ್ದು, ಆಮೇಲೆ ಕೇಳಿದಳು: “ಅವನು ಬೀಳುವಾಗ ನೀನು ಮುಂದೆ ಇದ್ದೆಯೋ, ಹಿಂದೆ ಇದ್ದೆಯೋ?”

“ಹಿಂದೆ. ಗಡಿಯಾರ ಹಿಡಿದಿದ್ದೆ.”

ತಂಗಿ ಯುಗಾದಿಯ ಜಾತ್ರೆಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವಳು. ಕೊಳ್ಳೇಗಾಲ, ಹನೂರು, ತಾಳಬೆಟ್ಟದ ಮೇಲೆ ಸುಮಾರು ನೂರು ಕಿಲೋಮೀಟರ್ ದಾರಿ. ಕಡೆಯಲ್ಲಿ ಕಡಿದಾದ ಏರು. ಹತ್ತು ವರ್ಷ ಓಡಿದ ನಾನು ಅದನ್ನು ಭಕ್ತಿಯೆಂದು ಗೌರವಿಸಿದ್ದೆನೇ ಹೊರತು ವಿದ್ಯೆಯೆಂದು ಒಂದು ದಿನವೂ ಎಣಿಸಿರಲಿಲ್ಲ. ಅಂದು ಅವಳು ಆ ವಿದ್ಯೆಯನ್ನು ಕಾಳು ಆರಿಸುತ್ತಲೇ ಹೇಳಿದಳು. ಬೆಳಗಿನ ಜಾವ ಹೊರಡುತ್ತಾರೆ. ಬಿಸಿಲೇರಿದರೆ ಮರದ ಕೆಳಗೆ ಮಲಗುತ್ತಾರೆ. ಹೊತ್ತಿಳಿದ ಮೇಲೆ ಮತ್ತೆ ನಡೆಯುತ್ತಾರೆ. ಬರಿಯ ನೀರನ್ನು ಹೊಟ್ಟೆ ತುಂಬ ಕುಡಿಯುವುದಿಲ್ಲ. ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯುತ್ತಾರೆ. “ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಯಾರು ನಡೆಯುತ್ತಾರೆ ಗೊತ್ತೇ? ಎಲ್ಲರಿಗಿಂತ ನಿಧಾನದವರು. ಅವರು ಕೂತರೆ ಎಲ್ಲರೂ ಕೂರಬೇಕು. ಗಟ್ಟಿಗರನ್ನು ಮುಂದೆ ಬಿಟ್ಟರೆ ಮಾದಪ್ಪನ ಹತ್ತಿರಕ್ಕೆ ಅವರೇ ಹೋಗುತ್ತಾರೆ, ನಾವು ಹೋಗುವುದಿಲ್ಲ.”

ಅವಳು ನನ್ನನ್ನು ಕ್ಷಮಿಸಿದಳೆಂದು ಹೇಳಲಾರೆ. ಕಾಫಿ ಕೊಟ್ಟಳು. ಹೊರಡುವಾಗ, “ಇನ್ನು ಮೇಲೆ ಅವನು ಮುಂದೆ, ನೀನು ಹಿಂದೆ, ಗಡಿಯಾರ ಇಲ್ಲಿರಲಿ” ಎಂದು ಕೈ ಚಾಚಿದಳು. ಬಿಚ್ಚಿ ಕೊಟ್ಟೆ.

ವೈದ್ಯರ ಅಪ್ಪಣೆಯಾಗುವವರೆಗೆ ಹುಡುಗನು ಓಡಲಿಲ್ಲ. ಅಪ್ಪಣೆಯಾದ ಮೇಲೆ ಮೊದಲ ವಾರ ನಾಲೆಯ ಏರಿಯ ಮೇಲೆ ಅರ್ಧ ಗಂಟೆಯ ನಡಿಗೆ. ಆಮೇಲೆ ತುಸು ಓಟ. ಮತ್ತೆ ಬೆಟ್ಟಕ್ಕೆ ಹೋದಾಗ ಬೆಳಕು ಹರಿಯುವ ಹೊತ್ತಿಗೆ ತಪ್ಪಲಿನಲ್ಲಿದ್ದು, ಎಂಟಕ್ಕೆ ಮೊದಲೇ ಇಳಿದುಬಿಡುತ್ತಿದ್ದೆವು. ಕತ್ತಲಿರುವಾಗ ಹೋಗುತ್ತಿರಲಿಲ್ಲ, ಆ ಬೆಟ್ಟದಲ್ಲಿ ಚಿರತೆಗಳಿವೆ. ಏರಿನಲ್ಲಿ ನಡೆದೆವು. ಹಾಗೆ ನಡೆಯುವುದು ನಾಚಿಕೆಯಲ್ಲ, ನೀಳವಾದ ಬೆಟ್ಟದೋಟಗಳಲ್ಲಿ ನುರಿತವರೂ ಕಡಿದಾದ ಏರನ್ನು ನಡೆದೇ ಹತ್ತುತ್ತಾರೆ. ಸುಲಭವೆಂದು ತೋರುವ ಇಳಿತವೇ ತೊಡೆಗೆ ಶತ್ರು. ಇಳಿಯುವಾಗ ಮಾಂಸಖಂಡವು ಹಿಗ್ಗುತ್ತಲೇ ಭಾರವನ್ನು ತಡೆಯಬೇಕಾಗಿ ಸೂಕ್ಷ್ಮವಾಗಿ ಹರಿಯುತ್ತದೆ. ನೋವು ಮರುದಿನ, ಮೂರನೆಯ ದಿನ ಬಲಿಯುತ್ತದೆ. ಸ್ವಲ್ಪಸ್ವಲ್ಪವಾಗಿ ಇಳಿದು ಅಭ್ಯಾಸಮಾಡಿದ ತೊಡೆಗೆ ಮುಂದಿನ ಸಲ ಅಷ್ಟು ನೋವಾಗದು. ತಂಗಿ ಕಳುಹಿಸಿದ ಉಪ್ಪು ಮಜ್ಜಿಗೆ, ಸಿಕ್ಕಿದ ದಿನ ನಂಜನಗೂಡಿನ ರಸಬಾಳೆ, ಇವೇ ನಮ್ಮ ಬುತ್ತಿ. ಹುಡುಗನು ಮುಂದೆ ಹೋಗುತ್ತಿದ್ದನು. ಅವನ ಹೆಜ್ಜೆಯನ್ನೂ ಮಾತನ್ನೂ ಗಮನಿಸುವುದು ನನ್ನ ಕೆಲಸ. ಮಾತು ತುಂಡಾದರೆ ನಿಲ್ಲುತ್ತಿದ್ದೆವು.

ಕಾಫಿ ತೋಟದ ಪಂದ್ಯದಲ್ಲಿ ನಾವು ಯಾರನ್ನೂ ಸೋಲಿಸಲಿಲ್ಲ. ಕೊನೆಯವರಲ್ಲಿ ಕೆಲವರಾಗಿ ಜೊತೆಯಲ್ಲೇ ಗುರಿ ಮುಟ್ಟಿದೆವು. ಎಷ್ಟು ಹೊತ್ತಾಯಿತೆಂದು ತಂಗಿ ಕೇಳಲಿಲ್ಲ. ಇಬ್ಬರೂ ಉಂಡಿರಾ ಎಂದು ಕೇಳಿದಳು.

ಈ ವರ್ಷ ಏಪ್ರಿಲಿನಲ್ಲಿ ಅವಳು ಅರಿಸಿನ ಕುಂಕುಮದ ತಟ್ಟೆ ಹಿಡಿದು ಚಾಮುಂಡಿಯ ಮೆಟ್ಟಿಲಿಗೆ ಬಂದಳು. ಮಗನ ಹೆಸರಿನಲ್ಲಿ ಹೊತ್ತ ಹರಕೆ. ಸಾವಿರ ಮೆಟ್ಟಿಲಿಗೂ ಸಾವಿರ ಸಲ ಬಾಗಿದಳು. ನೀರಿನ ಚೊಂಬು ಹುಡುಗನ ಕೈಯಲ್ಲಿ, ಮಜ್ಜಿಗೆಯ ಪಾತ್ರೆ ನನ್ನ ಕೈಯಲ್ಲಿ. ನಮ್ಮನ್ನು ದಾಟಿ ಕೆಲವು ತರುಣರು ಗಡಿಯಾರ ನೋಡಿಕೊಳ್ಳುತ್ತ ಓಡಿದರು. ದಾರಿ ಬಿಟ್ಟು ನಿಂತೆವು. ಹಿಂದಿನ ವರ್ಷ ನೀರು ಸುರಿದ ಆ ತಾಯಿ ಎಲ್ಲಾದರೂ ಕಾಣುವರೋ ಎಂದು ನಾನು ಮೇಲಕ್ಕೂ ಕೆಳಕ್ಕೂ ನೋಡುತ್ತಿದ್ದೆ, ಕಾಣಲಿಲ್ಲ. ನಂದಿಯ ಬಳಿ ತಂಗಿ ಕುಳಿತಳು. ನಾವೂ ಕುಳಿತೆವು.