೫೭ನೇ ಅಂತಸ್ತಿನ ಕೋಡಿ

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ರಿಲೀಸಿನ ಗಲಾಟೆ, ಅದರ ಮಧ್ಯೆ ಅಪ್ಪ ಅಮ್ಮ ಸಿಂಗಪುರಕ್ಕೆ ಬಂದಿದ್ದರು... ಅವರು ವಾಪಸ್ ಹೋಗಿ ಮೂರು ವಾರ ಆಯ್ತು. ಒಂದು ವಿಷಯ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸ್ತಾ ಇದೆ. ಅಪ್ಪನಿಗೆ ಹೇಳೋ ಹಾಗಿಲ್ಲ. ಅದಕ್ಕೇ ನಿಮ್ಮ ಹತ್ತಿರ.

ನಮ್ಮೂರು ಸಿರಾ ತಾಲ್ಲೂಕಿನ ಗೌಡಗೆರೆ ಹತ್ತಿರ. ಹೆಸರಲ್ಲೇ ಕೆರೆ ಇದೆ, ನೀರಿನ ಕಥೆ ಮಾತ್ರ ಕೇಳಬೇಡಿ :) ಆ ಕಡೆ ಪಾವಗಡ, ಈ ಕಡೆ ಮಧುಗಿರಿ, ಎಲ್ಲ ಕಡೆ ಇದೇ ಗೋಳು. ಅಪ್ಪ ಇದುವರೆಗೆ ಮೂರು ಬೋರ್ ಕೊರೆಸಿದ್ದಾರೆ. ಮೊದಲನೆಯದು ಒಂದಷ್ಟು ವರ್ಷ ಬಂತು. ಎರಡನೆಯದನ್ನು ಕೊರೆಸಿದ್ದು ನಾನು ಇಂಜಿನಿಯರಿಂಗ್ ಸೇರಿದ ವರ್ಷ, ಫೀಸಿಗೂ ಬೋರಿಗೂ ಸೇರಿಸಿ ಒಂದೇ ಸಾಲ. ಮೂರನೆಯದು ೯೦೦ ಅಡಿ ಹೋಯ್ತು, ಬರೀ ಧೂಳು. ಕಳೆದ ಯುಗಾದಿಗೆ ಊರಿಗೆ ಹೋದಾಗ ನಾಲ್ಕನೆಯದಕ್ಕೆ ಎರಡು ಲಕ್ಷ ಕೇಳಿದರು. ನಾನು ಅಂತರ್ಜಲ, ಮರುಪೂರಣ ಅಂತೆಲ್ಲ ದೊಡ್ಡ ಭಾಷಣ ಬಿಗಿದು, "ದುಡ್ಡು ಮಣ್ಣಿಗೆ ಹಾಕಿದ ಹಾಗೆ ಅಪ್ಪಾ" ಅಂದುಬಿಟ್ಟೆ. ಅವರು "ಸರಿ ಬಿಡು" ಅಂದರು. ಅಡಿಕೆ ಗಿಡಗಳಿಗೆ ಟ್ಯಾಂಕರ್ ನೀರು ಹೊಡೆಸಿದರು ಅಂತ ಆಮೇಲೆ ಅಮ್ಮನಿಂದ ಗೊತ್ತಾಯ್ತು.

ಆ "ಸರಿ ಬಿಡು" ಒಳಗೆಲ್ಲೋ ಕುಟುಕ್ತಾ ಇತ್ತು. ಪ್ರಾಯಶ್ಚಿತ್ತ ಅಂತಲೋ ಏನೋ, ಅವರಿಬ್ಬರನ್ನೂ ಕರೆಸಿಕೊಂಡು ಮರೀನಾ ಬೇ ಸ್ಯಾಂಡ್ಸ್‌ನಲ್ಲಿ ಒಂದು ರಾತ್ರಿಗೆ ರೂಮು ಬುಕ್ ಮಾಡಿದೆ. ಮೂರು ಗೋಪುರಗಳ ನೆತ್ತಿಯ ಮೇಲೆ ಹಡಗಿನಂಥದ್ದು ಕೂತಿರುತ್ತಲ್ಲ, ಫೋಟೋದಲ್ಲಿ ನೋಡಿರ್ತೀರಿ, ಅದೇ. ೨೦೧೦ರಲ್ಲಿ ಶುರುವಾಗಿದ್ದು, ಮೋಶೆ ಸಫ್ದಿ ಅನ್ನೋ ವಾಸ್ತುಶಿಲ್ಪಿಯ ವಿನ್ಯಾಸ. ೫೭ನೇ ಅಂತಸ್ತಿನಲ್ಲಿ ಸುಮಾರು ೧೫೦ ಮೀಟರ್ ಉದ್ದದ ಈಜುಕೊಳ. ಅಲ್ಲಿ ತಂಗಿದವರಿಗೆ ಮಾತ್ರ ನೀರಿಗಿಳಿಯೋ ಅವಕಾಶ, ಗೇಟಿನಲ್ಲಿ ಒಬ್ಬೊಬ್ಬರೂ ಕಾರ್ಡ್ ತೋರಿಸಬೇಕು. ಒಂದು ರಾತ್ರಿಗೆ ಎಂಟುನೂರು ಡಾಲರ್ ದಾಟಿತು. ನಮ್ಮ ರೂಪಾಯಿಗೆ ನೀವೇ ಗುಣಿಸಿಕೊಳ್ಳಿ, ನನಗೆ ಧೈರ್ಯ ಇಲ್ಲ.

ಈಜುಕೊಳವೇ ಯಾಕೆ ಅಂದರೆ, ಅಪ್ಪ ಒಳ್ಳೆ ಈಜುಗಾರ. ಹುಡುಗನಾಗಿದ್ದಾಗ ದೊಡ್ಡಪ್ಪ ಬೆನ್ನಿಗೆ ಬೆಂಡು ಕಟ್ಟಿ ಕಪಿಲೆ ಬಾವಿಗೆ ತಳ್ಳಿದ್ದರಂತೆ. ಮೂರನೇ ದಿನ ಬೆಂಡು ಬಿಚ್ಚಿಸಿಕೊಂಡು ಮೆಟ್ಟಿಲ ಮೇಲಿಂದ ಹಾರಿದರಂತೆ. ನಾನು ಹುಟ್ಟೋ ಹೊತ್ತಿಗೆ ಆ ಬಾವಿ ಒಣಗಿತ್ತು. ನಾನು ಅದರಲ್ಲಿ ನೋಡಿದ್ದು ಪಾರಿವಾಳ ಮತ್ತು ಜಾಲಿ ಮುಳ್ಳು. ಹಾಗಾಗಿ ನನಗೆ ಈಜು ಬರಲ್ಲ, ಅಪ್ಪ ಈಜಿದ್ದನ್ನು ನಾನು ನೋಡಿಯೂ ಇರಲಿಲ್ಲ.

ಮುಸ್ತಫಾದಲ್ಲಿ ಒಂದು ಈಜು ಚಡ್ಡಿ ಕೊಡಿಸಿದ್ದೆ. ಅದನ್ನು ಹಾಕಿಕೊಂಡು, ಮೇಲೆ ಹೋಟೆಲಿನ ಬಿಳಿ ನಿಲುವಂಗಿ ತೊಟ್ಟು, ಲಿಫ್ಟಿನಲ್ಲಿ ಅಪ್ಪ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗು ತಡೆಯಲಿಕ್ಕೆ ಒದ್ದಾಡ್ತಿದ್ದಳು.

ಮೇಲೆ ಹೋಗಿ ನೋಡಿದ ಕೂಡಲೇ ಅಪ್ಪ ಅಂದಿದ್ದು ಒಂದೇ ಮಾತು: "ಕೋಡಿ ಬಿದ್ದೈತಲ್ಲೋ!"

ನಿಜ, ನಾನು ಹಾಗೆ ಯೋಚಿಸಿರಲೇ ಇಲ್ಲ. ಇನ್ಫಿನಿಟಿ ಪೂಲ್ ಅಂತ ನಾವು ಕರೆಯೋದು ನಮ್ಮೂರ ಲೆಕ್ಕದಲ್ಲಿ ಕೋಡಿ ಬಿದ್ದ ಕೆರೆಯೇ. ಆಚೆ ಬದಿಯ ಗೋಡೆ ನೀರಿನ ಮಟ್ಟಕ್ಕಿಂತ ಒಂಚೂರು ತಗ್ಗು, ಅದರ ಮೇಲೆ ನೀರು ಹರೀತಾನೇ ಇರುತ್ತೆ, ಆಮೇಲೆ ಬರೀ ಆಕಾಶ. ನಮ್ಮ ಕಡೆ ಕೆರೆ ಕೋಡಿ ಬೀಳೋದು ಅಂದರೆ ಏನು ಅಂತ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ೨೦೨೨ರ ಮಳೆಗೆ ತುಮಕೂರು ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದಾಗ ಜನ ಮಕ್ಕಳುಮರಿ ಕಟ್ಟಿಕೊಂಡು ನೋಡಲಿಕ್ಕೆ ಹೋಗಿದ್ದರು, ಬಾಗಿನ ಬಿಟ್ಟಿದ್ದರು.

ಅಪ್ಪ ಇಳಿದರು. ನಾಲ್ಕಡಿ ಆಳ. "ಇದೇನ್ಲಾ, ಎದೆಮಟ್ಟನೂ ಇಲ್ಲ" ಅಂದರು. ಆಮೇಲೆ ಒಂದು ಸಲ ಮುಳುಗಿ ಎದ್ದು, ತಲೆ ಮೇಲೆತ್ತಿಕೊಂಡು, ಕೈ ಬೀಸಿ ಬೀಸಿ ಹೊರಟೇಬಿಟ್ಟರು. ಸೆಲ್ಫಿ ತೆಗೆಯೋರು ದಾರಿ ಬಿಟ್ಟರು. ಅರವತ್ತು ದಾಟಿದ ಮನುಷ್ಯ, ನೀರಿಲ್ಲದ ಊರಲ್ಲಿ ಮೂವತ್ತು ವರ್ಷ ಆ ಈಜನ್ನು ಎಲ್ಲಿ ಇಟ್ಟುಕೊಂಡಿದ್ದರೋ! ನಾನು ದಂಡೆ ಹಿಡಿದುಕೊಂಡು ನಿಂತಿದ್ದೆ. ಅಮ್ಮ ನೀರಿಗೆ ಕಾಲು ಇಳಿಬಿಟ್ಟು ಕೂತು, "ನಿಮ್ಮಪ್ಪ ಮದ್ವೆ ಆದ್ ಹೊಸದ್ರಲ್ಲಿ ಹಿಂಗೇ ಈಜ್ತಿದ್ರು" ಅಂದಳು.

ವಾಪಸ್ ಬಂದು ಏದುಸಿರು ಬಿಡ್ತಾ ಕೇಳಿದರು, "ಆ ಕಡೆ ಬಿದ್ದ ನೀರು ಎಲ್ಲಿಗೋಯ್ತದೆ?"

ಕೆಳಗೊಂದು ತೊಟ್ಟಿ ಇದೆ, ಅಲ್ಲಿಗೆ ಬಿದ್ದ ನೀರನ್ನು ಶುದ್ಧ ಮಾಡಿ ಪಂಪಿನಲ್ಲಿ ಮತ್ತೆ ಇಲ್ಲಿಗೇ ಬಿಡ್ತಾರೆ ಅಂದೆ. ಅಪ್ಪನ ಮುಖ ಸ್ವಲ್ಪ ಇಳಿಯಿತು. "ಅಂಗಾರೆ ಇದು ಕೋಡಿ ಅಲ್ಲ ಬಿಡು. ಇದ್ದ ನೀರೇ ಸುತ್ತತೈತೆ."

ಆಮೇಲೆ ಬಂತು ಆ ಪ್ರಶ್ನೆ. "ಎಷ್ಟು ಎತ್ತರ ಐತೆ ಇದು?" ಸುಮಾರು ೬೫೦ ಅಡಿ ಅಂದೆ. "ಎಷ್ಟಾಯ್ತು ಇದಕ್ಕೆ?"

ನಾನು ಒಂದು ಕ್ಷಣವೂ ತಡ ಮಾಡಲಿಲ್ಲ. "ಕಂಪನಿಯೋರು ಕೊಟ್ಟಿದ್ದು ಅಪ್ಪಾ. ಚೆನ್ನಾಗಿ ಕೆಲಸ ಮಾಡಿದ್ದಕ್ಕೆ. ನಮ್ಮದೇನೂ ಖರ್ಚಿಲ್ಲ."

ಅಪ್ಪ ಹ್ಞೂಂ ಅಂದರು. ಅವರ ದೃಷ್ಟಿ ಕೆಳಗಿನ ಕೊಲ್ಲಿಯ ಮೇಲಿತ್ತು. ಮಾತು ಬದಲಿಸಲಿಕ್ಕೆ ನಾನೇ ಶುರು ಮಾಡಿದೆ. ಅದು ಸಮುದ್ರ ಅಲ್ಲಪ್ಪಾ, ಸಿಹಿನೀರು. ಮೊದಲು ಉಪ್ಪು ನೀರೇ ಇತ್ತು, ೨೦೦೮ರಲ್ಲಿ ಬಾಯಿಗೆ ಅಡ್ಡ ಕಟ್ಟೆ ಕಟ್ಟಿದರು, ಮಳೆ ನೀರು ತುಂಬ್ತಾ ತುಂಬ್ತಾ ಉಪ್ಪು ಹೋಯ್ತು. ಈ ದೇಶದ ಆರನೇ ಒಂದು ಭಾಗದ ಮೇಲೆ ಬಿದ್ದ ಮಳೆ ಅಲ್ಲಿಗೆ ಬರುತ್ತೆ. ಇವರೂ ನೀರಿಗೆ ಪಾಪರ್ರೇ, ೧೯೬೨ರ ಒಪ್ಪಂದದ ಪ್ರಕಾರ ಇವತ್ತಿಗೂ ಪಕ್ಕದ ಮಲೇಷ್ಯಾದಿಂದ ತರಿಸ್ತಾರೆ, ೨೦೬೧ಕ್ಕೆ ಅದು ಮುಗಿಯುತ್ತೆ. ಅದಕ್ಕೇ ಬಚ್ಚಲ ನೀರನ್ನೂ ಬಿಡದೆ ಶುದ್ಧ ಮಾಡ್ತಾರೆ...

ಅಪ್ಪನಿಗೆ ಹೋಟೆಲ್ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ರೂಮು ಖಾಲಿ ಮಾಡಿದವರೇ "ಆ ಕಟ್ಟೆ ತಾವ ಕರ್ಕೊಂಡೋಗು" ಅಂತ ಹಟ. ಹೋದೆವು. ೩೫೦ ಮೀಟರ್ ಅಗಲದ ಬ್ಯಾರೇಜು. ಅಪ್ಪ ಬಿಸಿಲಲ್ಲಿ ಆ ತುದಿಯಿಂದ ಈ ತುದಿಗೆ ನಡೆದು ಒಂಬತ್ತು ಗೇಟನ್ನೂ ಎಣಿಸಿದರು. ಒಂದು ಕಡೆ ಉಪ್ಪು, ಒಂದು ಕಡೆ ಸಿಹಿ. ಇಲ್ಲಿ ವರ್ಷಕ್ಕೆ ೨೪೦೦ ಮಿಲಿಮೀಟರ್ ಹತ್ತಿರ ಮಳೆ, ನಮ್ಮಲ್ಲಿ ಅದರ ಕಾಲು ಭಾಗ ಬಂದರೆ ಪುಣ್ಯ ಅಂದೆ. "ಬಂದಷ್ಟನ್ನಾದ್ರೂ ನಾವು ಎಲ್ಲಿ ನಿಲ್ಲಿಸ್ಕೊಂಡ್ವಿ? ಕೆರೆಗೆ ಬರೋ ಹಳ್ಳನೆಲ್ಲ ಉತ್ತು ಹೊಲ ಮಾಡ್ಕೊಂಡ್ವಿ" ಅಂದರು. ಯುಗಾದಿಯಲ್ಲಿ ನಾನು ಭಾಷಣದಲ್ಲಿ ಹೇಳಿದ್ದೂ ಅದನ್ನೇ, ಇದಕ್ಕಿಂತ ಉದ್ದವಾಗಿ. ನಾಲ್ಕನೇ ಬೋರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊನ್ನೆ ಭಾನುವಾರ ಫೋನ್ ಮಾಡಿದ್ದೆ. ಊರಲ್ಲೆಲ್ಲ ೫೭ನೇ ಅಂತಸ್ತಿನ ಈಜಿನ ಕಥೆ ಆಗಿದೆಯಂತೆ, ಅರ್ಧ ಜನ ನಂಬಿಲ್ಲವಂತೆ. ಅಡಿಕೆ ಹೇಗಿದೆ ಅಂತ ಕೇಳಿದೆ, ಒಂದು ಸಾಲು ಹೋಯ್ತು ಅಂದರು. ಫೋನ್ ಇಡೋ ಹೊತ್ತಿಗೆ, ಈಗ ತಾನೇ ನೆನಪಾದ ಹಾಗೆ ಅಂದರು:

"ಲೋ, ಇನ್ನೊಂದ್ ಸಲ ನಿಮ್ ಕಂಪನಿಯೋರು ಹಂಗೇನಾದ್ರೂ ಕೊಟ್ರೆ, ರೂಮ್ ಬ್ಯಾಡ, ದುಡ್ಡೇ ಕೊಡಿ ಅನ್ನು."