ಪಡಸಾಲೆಗೆ ಎಷ್ಟು ಟನ್?

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಸರ್ಕಾರಿ ಕಚೇರಿಯ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನ 1.30ಕ್ಕೆ ಮುಗಿಯಿತು. ಆಮೇಲೆ ಬೀದಿಯಲ್ಲಿ ನಾಯಿ ಕೂಡ ಕಾಣುವುದಿಲ್ಲ. ಸರ್ಕಾರವೇ ಬಿಸಿಲಿಗೆ ತಲೆಬಾಗುವ ಊರಿನಲ್ಲಿ, 78 ವರ್ಷದ ಅವ್ವ ಮಧ್ಯಾಹ್ನದಿಂದ ಮಲಗುವ ಹೊತ್ತಿನವರೆಗೆ ಎಲ್ಲಿ ಕೂರಬೇಕು ಎನ್ನುವುದೇ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ದೊಡ್ಡ ಚಿಂತೆಯಾಗಿತ್ತು.

ಅವ್ವ ಇರುವುದು ಬ್ರಹ್ಮಪುರದ ಓಣಿಯೊಂದರ ಹಳೆಯ ಬಾಡಿಗೆ ಮನೆಯಲ್ಲಿ. ಎರಡಡಿ ದಪ್ಪದ ಕಲ್ಲಿನ ಗೋಡೆ, ಅಂಗಾಲಿಗೆ ಹಿತವಾದ ಶಹಾಬಾದ್ ಫರ್ಸಿ, 11 ಅಡಿ ಎತ್ತರದ ಸೂರು. ಪಡಸಾಲೆ 20 ಅಡಿಗೆ 18 ಅಡಿ. ನಿಶ್ಚಯಕ್ಕೆ ಬಂದ ಎರಡೂ ಕಡೆಯ ಬೀಗರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವಷ್ಟು ದೊಡ್ಡದು. ಆ ಗೋಡೆಗಳ ಗುಣವನ್ನು ಎಷ್ಟು ಹೊಗಳಿದರೂ ಸಾಲದು. ಹೊರಗೆ 41 ಡಿಗ್ರಿ ಸುಡುತ್ತಿದ್ದರೆ ಪಡಸಾಲೆಯಲ್ಲಿ 34. ಆದರೆ ಕಲ್ಲು ಉಂಡದ್ದನ್ನು ಮರೆಯುವುದಿಲ್ಲ. ಹಗಲೆಲ್ಲ ಹೀರಿದ ಕಾವನ್ನು ರಾತ್ರಿ ಒಂಬತ್ತರ ಮೇಲೆ ಒಳಗೆ ಬಿಡತೊಡಗುತ್ತದೆ. ಅದಕ್ಕೇ ಹಿಂದೆ ಮನೆಮಂದಿಯೆಲ್ಲ ಗೋಡೆಗಳನ್ನು ಅವುಗಳ ಪಾಡಿಗೆ ಬಿಟ್ಟು ಮಾಳಿಗೆ ಹತ್ತುತ್ತಿದ್ದೆವು. ಸಂಜೆ ಐದಕ್ಕೆ ನಾಲ್ಕು ಕೊಡ ನೀರು ಚಿಮುಕಿಸಿದರೆ ಮಾಳಿಗೆ ಬುಸ್ಸೆಂದು ಉಸಿರು ಬಿಡುತ್ತಿತ್ತು. ಎಂಟಕ್ಕೆ ಹಾಸಿಗೆ ಬಿಚ್ಚಿ, ತಲೆದೆಸೆಗೆ ನೀರಿನ ಹೂಜಿ ಇಟ್ಟುಕೊಂಡರೆ ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳುವಷ್ಟು ತಂಪು. ಈಗ ಅವ್ವನ ಮೊಣಕಾಲು ಆ 22 ಮೆಟ್ಟಿಲುಗಳನ್ನು ಒಪ್ಪುವುದಿಲ್ಲ.

ಗೋಡೆಗೆ ಸ್ಪ್ಲಿಟ್ ಎಸಿ ಹಾಕಿಸಬಹುದಲ್ಲ ಎಂದು ಯಾರಾದರೂ ಕೇಳುತ್ತಾರೆ. ಹಾಕಿಸಬಹುದಿದ್ದರೆ ಅದನ್ನೇ ಹಾಕಿಸಿ, ಬೇರೆ ಯೋಚನೆ ಬೇಡ. ನಮಗೆ ಮನೆಯ ಮಾಲೀಕರ ಒಪ್ಪಿಗೆ ಸಿಗಲಿಲ್ಲ. ಸುಣ್ಣದ ಗಾರೆಯ ಹಳೆಯ ಗೋಡೆಗೆ ತೂತು ಕೊರೆದರೆ ಸುತ್ತಲಿನ ಕಲ್ಲುಗಳು ಸಡಿಲವಾಗುತ್ತವೆ ಎಂದು ಅವರ ಅಂಜಿಕೆ. ಅದರಲ್ಲಿ ನ್ಯಾಯ ಇಲ್ಲ ಎನ್ನಲಾರೆ.

ಇನ್ನು ಕೂಲರು. ಕಲಬುರಗಿ, ರಾಯಚೂರು, ಬಳ್ಳಾರಿಯಂಥ ಒಣ ಊರುಗಳಿಗೆ ಕೂಲರಿನಷ್ಟು ಒಗ್ಗುವ ಯಂತ್ರ ಇನ್ನೊಂದಿಲ್ಲ. ನೀರು ಆವಿಯಾಗುವಾಗ ಗಾಳಿಯ ಕಾವನ್ನು ಕಿತ್ತುಕೊಳ್ಳುತ್ತದೆ, ಅಷ್ಟೇ ಅದರ ವಿದ್ಯೆ. ಲಾವಂಚದ ತಡಿಕೆಗೆ ನೀರು ಚಿಮುಕಿಸುತ್ತಿದ್ದವರೂ, ಹೂಜಿಯಲ್ಲಿ ನೀರು ತಂಪಾಗಿಸುತ್ತಿದ್ದವರೂ ಬಲ್ಲ ವಿದ್ಯೆಯೇ. ಹೊರಗೆ 42 ಡಿಗ್ರಿ ಇದ್ದು ಗಾಳಿಯ ತೇವ ಶೇ. 20ರ ಆಸುಪಾಸಿನಲ್ಲಿದ್ದರೆ ಒಳ್ಳೆಯ ಕೂಲರು 27–28 ಡಿಗ್ರಿಯ ಗಾಳಿ ಕೊಡುತ್ತದೆ, ಅದೂ ಎರಡು-ಮೂರು ಫ್ಯಾನಿನಷ್ಟು ಕರೆಂಟಿನಲ್ಲಿ. ಇದೇ ಕೂಲರನ್ನು ಮಂಗಳೂರಿಗೆ ಒಯ್ದರೆ ಮೈ ಅಂಟುವುದೊಂದೇ ಲಾಭ. ಅಲ್ಲಿಯ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ. ನಮ್ಮ ಮನೆಯಲ್ಲೂ ಆರು ವರ್ಷ ಕೂಲರೇ ಇತ್ತು. ಆದರೆ ಬೇಸಿಗೆಯಲ್ಲಿ ನಲ್ಲಿ ನೀರಿಗೇ ದಿನ ಎಣಿಸುವ ಓಣಿಯಲ್ಲಿ ಅದು ದಿನಕ್ಕೆ ನಾಲ್ಕಾರು ಕೊಡ ಬೇಡುತ್ತದೆ. ಅದರ ಹಸಿ ಗಾಳಿಗೆ ಅವ್ವನ ಕೀಲುಗಳು ರಾತ್ರಿಯಿಡೀ ಹಿಡಿದುಕೊಳ್ಳತೊಡಗಿದವು. ಹೀಗಾಗಿ ಗಾಲಿಯ ಮೇಲೆ ಉರುಳುವ, ಗೋಡೆ ಮುಟ್ಟದ ಪೋರ್ಟಬಲ್ ಎಸಿಯ ಮಾತು ಬಂತು.

ಅಂಗಡಿಯವನ ಮೊದಲ ಪ್ರಶ್ನೆ, "ಎಷ್ಟ ಟನ್ ಬೇಕ್ರಿ?"

ಆ ಟನ್ ಎನ್ನುವುದು ಯಂತ್ರದ ತೂಕವೆಂದು ಅವ್ವ ತಿಳಿದಿದ್ದಳು. ಹಾಗೆ ತಿಳಿಯುವವರು ಬಹಳ. ಅದು ಬರ್ಫದ ಲೆಕ್ಕ. ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕಿಲೋ ಬರ್ಫ 24 ಗಂಟೆಯಲ್ಲಿ ಕರಗುವಾಗ ಎಷ್ಟು ಕಾವನ್ನು ನುಂಗುತ್ತದೋ ಅಷ್ಟನ್ನು ಕೋಣೆಯಿಂದ ಹೊರಹಾಕಿದರೆ ಆ ಯಂತ್ರ ಒಂದು ಟನ್ನಿನದು. ಗಂಟೆಗೆ 12,000 ಬಿಟಿಯು ಎಂದು ಡಬ್ಬಿಯ ಮೇಲೆ ಬರೆದಿರುವುದೂ ಇದನ್ನೇ. ತಂಪನ್ನು ಬರ್ಫದಲ್ಲಿ ಕೊಂಡು ಮಾರುತ್ತಿದ್ದ ಕಾಲದಿಂದ ಉಳಿದುಬಂದ ಅಳತೆ ಇದು. ಬಾಸ್ಟನ್ನಿನ ಫ್ರೆಡೆರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿಯ ಕೆರೆಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರನ್ನು ಗರಗಸದಿಂದ ಕೊಯ್ಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, 1833ರಲ್ಲಿ ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ. ತಿಂಗಳುಗಟ್ಟಲೆ ಪಯಣ, ಉಷ್ಣವಲಯ ದಾಟಿ! ಮದರಾಸಿನ ಕಡಲ ದಂಡೆಯಲ್ಲಿ ಆ ಬರ್ಫವನ್ನು ಕಾಪಿಡಲೆಂದೇ 1842ರಲ್ಲಿ ಕಟ್ಟಿದ ಐಸ್ ಹೌಸ್ ಇವತ್ತಿಗೂ ನಿಂತಿದೆ. 1897ರಲ್ಲಿ ಪಶ್ಚಿಮದಿಂದ ಮರಳಿದ ವಿವೇಕಾನಂದರು ತಂಗಿದ್ದು ಅಲ್ಲೇ. ಈಗ ಅದು ಅವರ ಹೆಸರಿನಲ್ಲೇ ಇದೆ. ಚೆನ್ನೈಗೆ ಹೋದಾಗ ಆ ಕಟ್ಟಡದ ಮುಂದೆ ಬಹಳ ಹೊತ್ತು ನಿಂತಿದ್ದೆ. ಒಂದು ಲೋಟ ತಣ್ಣೀರಿಗಾಗಿ ಮನುಷ್ಯ ಎಷ್ಟು ದೂರ ಹೋಗಬಲ್ಲ ಎಂದು ಮನಸ್ಸು ತುಂಬಿ ಬಂದಿತ್ತು.

ಲೆಕ್ಕಕ್ಕೆ ಮರಳೋಣ. ನೂರಿಪ್ಪತ್ತು ಚದರ ಅಡಿಗೆ ಒಂದು ಟನ್ ಎಂಬ ವಾಡಿಕೆಯ ಅಳತೆ ಹಿಡಿದರೆ ನಮ್ಮ 360 ಚದರ ಅಡಿಗೆ ಮೂರು ಟನ್ ಬೇಕು. ಅಂದರೆ ದಿನಕ್ಕೆ 2,700 ಕಿಲೋ ಬರ್ಫ ಪಡಸಾಲೆಯಲ್ಲಿ ಕರಗಬೇಕು. ಸೂರಿನ ಎತ್ತರ, ಪಡುವಣದ ಗೋಡೆ ಬೇರೆ. ಅಂಗಡಿಯಲ್ಲಿದ್ದ ಪೋರ್ಟಬಲ್ ಎಸಿ ಒಂದು ಟನ್ನಿನದು. ಆ ಒಂದು ಟನ್ನಾದರೂ ಪೂರ್ತಿ ನಮ್ಮ ಪಾಲಿಗೆ ಬರುವುದೇ? ಇದನ್ನು ಅಂಗಡಿಗಳಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಈ ಯಂತ್ರದ ಬೆನ್ನಿಗೆ ಆನೆಯ ಸೊಂಡಿಲಿನಂಥ ಒಂದು ಕೊಳವೆ ಇರುತ್ತದೆ. ಒಳಗಿನ ಕಾವನ್ನು ಕಿಟಕಿಯಿಂದ ಹೊರಗೆ ಊದುವುದು ಅದರ ಕೆಲಸ. ಊದಲು ಗಾಳಿ ಬೇಕಲ್ಲ, ಅದನ್ನು ಯಂತ್ರ ಕೋಣೆಯಿಂದಲೇ ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ 200 ಘನ ಅಡಿ ಹೊರಹೋಗುತ್ತದೆ ಎಂದಿಟ್ಟುಕೊಳ್ಳಿ. ನಮ್ಮ ಪಡಸಾಲೆಯಲ್ಲಿರುವುದು 3,960 ಘನ ಅಡಿ. 20 ನಿಮಿಷಕ್ಕೊಮ್ಮೆ ಇಡೀ ಪಡಸಾಲೆಯಷ್ಟು ಗಾಳಿ ಹೊರಗೆ. ಹೋದಷ್ಟೇ ಗಾಳಿ ಬಾಗಿಲ ಸಂದಿಯಿಂದ, ಬೆಳಕಿಂಡಿಯಿಂದ, ಹೊಸ್ತಿಲ ಕೆಳಗಿನಿಂದ ಒಳಗೆ ನುಗ್ಗಲೇಬೇಕು. ಹೊರಗಿನ 41 ಡಿಗ್ರಿಯ ಗಾಳಿ ನೇರ ಒಳಬಂದರೆ, ಅದನ್ನು 27ಕ್ಕೆ ಇಳಿಸಲು ಗಂಟೆಗೆ ಸುಮಾರು 5,000 ಬಿಟಿಯು ಖರ್ಚು. ಹನ್ನೆರಡು ಸಾವಿರದಲ್ಲಿ ಐದು ಸಾವಿರ ಹೀಗೆ ಸೋರಿಹೋಯಿತು. ತೂತು ಕೊಡದಲ್ಲಿ ನೀರು ಹೊತ್ತಂತೆ. ಆ ಕೊಳವೆಯೂ ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿ. ಅದರ ಕಾವೂ ಒಳಗೇ. ಅಮೆರಿಕದ ಇಂಧನ ಇಲಾಖೆ ಇದನ್ನೆಲ್ಲ ಗಮನಿಸಿ 2016ರಲ್ಲಿ ಪೋರ್ಟಬಲ್ ಎಸಿಗಳಿಗೆ ಹೊಸ ಅಳತೆಯ ಕ್ರಮವನ್ನೇ ತಂದಿತು. ಹಳೆಯ ಅಳತೆಯಲ್ಲಿ 14,000 ಬಿಟಿಯು ಎನಿಸಿಕೊಂಡದ್ದು ಹೊಸದರಲ್ಲಿ ಎಂಟು-ಹತ್ತು ಸಾವಿರಕ್ಕೆ ಇಳಿಯುವುದು ಸಾಮಾನ್ಯ. ಈ ಮಾತು ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಇರಬೇಕಿತ್ತು ಎಂದೇ ನನ್ನ ಅನಿಸಿಕೆ.

ಎರಡು ಕೊಳವೆಯ ಯಂತ್ರಗಳೂ ಇವೆ. ಒಂದು ಹೊರಗಿನ ಗಾಳಿಯನ್ನು ತಂದು ಯಂತ್ರದ ಬಿಸಿ ಭಾಗಕ್ಕೆ ಕೊಡುತ್ತದೆ, ಇನ್ನೊಂದು ಅದನ್ನೇ ಹೊರಗೆ ಒಯ್ಯುತ್ತದೆ. ತಂಪಾದ ಗಾಳಿಯನ್ನು ಯಾರೂ ಕದಿಯುವುದಿಲ್ಲ. ದೊಡ್ಡ ಕೋಣೆಗೆ ಕೊಳ್ಳುವುದಾದರೆ ಅಂಥದ್ದನ್ನೇ ಹುಡುಕಬೇಕು. ನಾನು ಸುತ್ತಿದ ನಾಲ್ಕು ಅಂಗಡಿಗಳಲ್ಲಿ ಒಂದರಲ್ಲೂ ಇರಲಿಲ್ಲ. ಮೊಬೈಲಿನಲ್ಲಿ ಎರಡು ಸಾವಿರಕ್ಕೆ ತೋರಿಸುವ ಅಂಗೈ ಅಗಲದ "ಮಿನಿ ಎಸಿ" ಮಾತ್ರ ಎಸಿಯೇ ಅಲ್ಲ. ಕೊಳವೆ ಇಲ್ಲದೆ, ಕಂಪ್ರೆಸರ್ ಇಲ್ಲದೆ ಕಾವು ಎಲ್ಲಿಗೆ ಹೋದೀತು? ಅದು ಒದ್ದೆ ಹತ್ತಿಯ ಮುಂದಿನ ಪುಟ್ಟ ಫ್ಯಾನು. ವಯಸ್ಸಾದವರು ಪಿಂಚಣಿಯ ದುಡ್ಡು ಕೊಟ್ಟು ಅದನ್ನು ತರಿಸಿಕೊಳ್ಳುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಅಂಗಡಿಯ ಮೆಟ್ಟಿಲ ಮೇಲೆ ಕೂತು ಹಾಳೆಯಲ್ಲಿ ಈ ಲೆಕ್ಕವನ್ನೆಲ್ಲ ಬರೆದು ಅವ್ವನಿಗೆ ತೋರಿಸಿದೆ. ಅವಳು ಹಾಳೆ ನೋಡಲಿಲ್ಲ. "ಇಡೀ ಪಡಸಾಲಿ ಯಾಕ ತಂಪ ಮಾಡ್ತಿ? ನಾ ಕೂಡೋದು ಒಂದ ಮೂಲ್ಯಾಗ" ಅಂದಳು.

ಆ ಒಂದು ಮಾತಿನಿಂದ ನನ್ನ ಮೂರು ಟನ್ನಿನ ಗಂಟು ಬಿಚ್ಚಿತು. ಬಡಗಣದ ಮೂಲೆಯಲ್ಲಿ ಅವ್ವನ ಮಂಚ, ಪಕ್ಕಕ್ಕೊಂದು ಕುರ್ಚಿ, ದೇವರ ಗೂಡು. ಅಲ್ಲಿ 12 ಅಡಿಗೆ 10 ಅಡಿ ಜಾಗವನ್ನು ದಪ್ಪ ಪರದೆಯಿಂದ ಬೇರೆ ಮಾಡಿದೆವು. ಪರದೆ ಸೂರಿಗೆ ತಾಗಬೇಕಿಲ್ಲ, ನೆಲಕ್ಕೆ ತಾಗಬೇಕು. ತಂಪು ಗಾಳಿ ಭಾರ. ಅಡಿಗೆ ಕೂರುತ್ತದೆ, ಪರದೆಯ ಬುಡದಿಂದಲೇ ಸೋರುತ್ತದೆ. ಏಳೆಂಟು ಅಡಿಯ ಪರದೆಯ ಅಂಚಿಗೆ ಅವ್ವ ತನ್ನ ಹಳೆಯ ಇಳಕಲ್ ಸೀರೆಯಿಂದ ಚೀಲ ಹೊಲಿದು ಮರಳು ತುಂಬಿದಳು. 120 ಚದರ ಅಡಿ, ಒಂದು ಟನ್. ಸೋರಿಕೆ ಕಳೆದರೂ ಒಬ್ಬ ಮುದುಕಿಗೂ ಮಾತಾಡಿಸಲು ಬಂದ ಇಬ್ಬರಿಗೂ ಸಾಕು.

ಕಿಟಕಿಯದು ಇನ್ನೊಂದು ಕಥೆ. ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಪಟ್ಟಿ ಜಾರುಗಾಜಿನ ಕಿಟಕಿಗೆ ಮಾಡಿದ್ದು. ನಮ್ಮ ಕಿಟಕಿಗಳಿಗೆ ಎರಡು ರೆಕ್ಕೆ, ನಡುವೆ ಕಬ್ಬಿಣದ ಸರಳು. ಸರಳಿನಿಂದ ಸರಳಿಗೆ ನಾಲ್ಕು ಇಂಚು, ಕೊಳವೆ ಆರು ಇಂಚು. ಬಡಿಗರು ಬಂದು ನೋಡಿ, ಸರಳು ಕೊಯ್ಯುವ ಮಾತೇ ಆಡದೆ, ಕಿಟಕಿಯ ಅಳತೆಯ ಪ್ಲೈವುಡ್ ಹಲಗೆ ತಂದು ದುಂಡಗೆ ಕೊರೆದರು. ಹಲಗೆ ಸರಳುಗಳ ಒಳಬದಿಗೆ ಕೂತಿತು, ಕೊಳವೆಯ ಬಾಯಿ ಹಲಗೆಯಲ್ಲಿ, ಬಿಸಿ ಗಾಳಿ ಸರಳುಗಳ ನಡುವಿನಿಂದ ಬೀದಿಗೆ. ಅಂಚಿಗೆಲ್ಲ ಸ್ಪಂಜು. ಕೊಳವೆಯನ್ನು ಆದಷ್ಟು ಗಿಡ್ಡ, ಆದಷ್ಟು ನೆಟ್ಟಗೆ ಇಟ್ಟು ಹಳೆಯ ಕೌದಿ ಸುತ್ತಿದೆವು. ಅದನ್ನು ಉದ್ದ ಮಾಡಿ ಬಾಗಿಸಿದರೆ ಯಂತ್ರ ಏದುಸಿರು ಬಿಡುತ್ತದೆ. ವಿದ್ಯುತ್ತಿಗೆ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟೇ ಬೇಕು. ಮಿಕ್ಸಿ, ಟಿವಿಗೆ ಹಾಕುವ ಎಕ್ಸ್‌ಟೆನ್ಷನ್ ಬೋರ್ಡು ಕಾದು ಕರಗಬಹುದು.

ಎಲ್ಲಕ್ಕಿಂತ ನನಗೆ ಮುಖ್ಯವೆನಿಸಿದ್ದು ಬೇರೆ. ಯಂತ್ರ ಎಲ್ಲಿಂದಲಾದರೂ ಗಾಳಿ ಎಳೆಯುವುದು ಖಂಡಿತವಾದರೆ, ಎಲ್ಲಿಂದ ಎಳೆಯಲಿ ಎಂದು ನಾವೇ ಗೊತ್ತುಮಾಡಬಹುದಲ್ಲ! ಪಡುವಣದ ಕಿಟಕಿಗಳ ಸಂದಿಗೆಲ್ಲ ಬಟ್ಟೆ ತುರುಕಿ, ಕಾಳುಕಡಿ ಇಡುವ ನಡುಮನೆಯ ಕತ್ತಲ ಕೋಣೆಯ ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟೆ. ಬೀದಿಯ 41 ಡಿಗ್ರಿ ಆ ದಪ್ಪ ಗೋಡೆ, ತಂಪು ಫರ್ಸಿಗಳ ನಡುವೆ ಸುತ್ತಿ ಬರುವಷ್ಟರಲ್ಲಿ ತನ್ನ ಕಾವನ್ನು ಅಷ್ಟಿಷ್ಟು ಅಲ್ಲೇ ಬಿಟ್ಟಿರುತ್ತದೆ. ಬಚ್ಚಲಿನ ಬಾಗಿಲನ್ನು ಮಾತ್ರ ಬಿಗಿಯಾಗಿ ಮುಚ್ಚಲೇಬೇಕು. ಒಳಗೆ ಗ್ಯಾಸ್ ಗೀಸರ್ ಇರುವ ಮನೆಯಲ್ಲಂತೂ ಅದು ಉರಿಯುವಾಗ ಈ ಯಂತ್ರವನ್ನು ನಿಲ್ಲಿಸುವುದೇ ಲೇಸು. ಹೊರಹೋಗಬೇಕಾದ ವಿಷಗಾಳಿಯನ್ನು ಇದು ಮನೆಯೊಳಕ್ಕೆ ಸೆಳೆಯಬಹುದು.

ಸದ್ದು ಇದೆ, ಸುಳ್ಳು ಹೇಳುವುದಿಲ್ಲ. ಸ್ಪ್ಲಿಟ್‌ನಲ್ಲಿ ಹೊರಗೆ ಗುಡುಗುವ ಕಂಪ್ರೆಸರ್ ಇದರಲ್ಲಿ ಮಂಚದ ಪಕ್ಕದಲ್ಲೇ ಗುಡುಗುತ್ತದೆ. ಅದಕ್ಕೇ ಮಧ್ಯಾಹ್ನ 12ಕ್ಕೆ, ಗೋಡೆ ಕಾಯುವ ಮುನ್ನವೇ ಶುರುಮಾಡಿ, 26ಕ್ಕೆ ಇಟ್ಟು, ಮೇಲೆ ಫ್ಯಾನು ತಿರುಗಿಸಿ, ರಾತ್ರಿ ಹತ್ತಕ್ಕೆ ನಿಲ್ಲಿಸುವುದು ಅವ್ವನ ಕ್ರಮವಾಯಿತು. ಹತ್ತರ ಮೇಲೆ ಉಳಿದ ಕಿಟಕಿಗಳನ್ನೆಲ್ಲ ತೆರೆದರೆ ಕಲ್ಲಿನ ಕಾವೂ ಹೊರಗೆ ಹೋಗುತ್ತದೆ. ಜೊತೆಗೆ ಕೂಲರನ್ನೂ ಹಚ್ಚೋಣವೆಂದು ನೆರೆಯವರು ಹೇಳಿದ್ದರು. ಬೇಡವೆಂದೆ. ಕೂಲರು ತುಂಬುವ ತೇವವನ್ನು ಹಿಂಡಿ ತೆಗೆಯುವುದರಲ್ಲೇ ಎಸಿಯ ಶಕ್ತಿ ಮುಗಿಯುತ್ತದೆ. ಈ ಯಂತ್ರದ ಮೂಲವೇ ತೇವ ತೆಗೆಯುವ ಕೆಲಸ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಇದನ್ನು ರೂಪಿಸಿದ್ದು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗುವ ಬಣ್ಣಗಳು ಜಾರುತ್ತಿದ್ದವು. ಕಾಗದಕ್ಕೆ ಸಿಕ್ಕ ತಂಪು ಮನುಷ್ಯರ ಮನೆಗಳಿಗೆ ಬಂದದ್ದು ಆಮೇಲೆ.

ಮೇ ತಿಂಗಳಿಡೀ ಯಂತ್ರದ ತಳದ ತೊಟ್ಟಿಯಲ್ಲಿ ನೀರಿನ ಸುಳಿವಿರಲಿಲ್ಲ. ಅಷ್ಟು ಒಣ ಗಾಳಿ. ಸಿಕ್ಕ ಹನಿಗಳನ್ನೂ ಯಂತ್ರವೇ ಆವಿ ಮಾಡಿ ಕೊಳವೆಯಿಂದ ಕಳಿಸುತ್ತಿತ್ತು. ಜೂನ್ ಮೊದಲ ವಾರದ ಒಂದು ಸಂಜೆ ಅವ್ವ ಫೋನು ಮಾಡಿದಳು. ತೊಟ್ಟಿ ತುಂಬಿ ಕೆಂಪು ದೀಪ ಹತ್ತಿತ್ತಂತೆ, ಯಂತ್ರ ತಾನೇ ನಿಂತಿತ್ತಂತೆ. ನೀರು ಬಿಡುವ ಬಿರಡೆ ಎಲ್ಲಿದೆಯೆಂದು ನಾನು ಹೇಳತೊಡಗಿದರೆ ಅವಳಿಗೆ ಅದು ಬೇಕಿರಲಿಲ್ಲ. "ಬಡಿಗ್ಯಾರ ಹಲಗಿ ಹ್ಯಾಂಗ ತಗೀಲಿ ಹೇಳ" ಎಂದಳು. ಹಿಂದಿನಿಂದ ಮಳೆಯ ಸದ್ದು ಕೇಳುತ್ತಿತ್ತು.