ಹಿರ್ಟಾದ ಪಟಗಳು

ಪರರ ಮನೆಯ ಪಟಗಳನ್ನು ನೋಡುವ ಚಪಲ ನನಗೆ ಮೊದಲಿನಿಂದಲೂ ಉಂಟು. ಯಾರ ಮನೆಗೆ ಹೋದರೂ, ಒಳಗಿನಿಂದ ಕಾಫಿ ಬರುವಷ್ಟರಲ್ಲಿ ನಡುಮನೆಯ ಗೋಡೆಯ ಮೇಲಿರುವ ಅಜ್ಜ ಅಜ್ಜಿಯರನ್ನು ಒಂದು ಸುತ್ತು ಕಂಡು ಬಾರದಿದ್ದರೆ ನನಗೆ ಸಮಾಧಾನವಿಲ್ಲ. ಬಂಧುತ್ವವಾಗಲಿ ಭಾಷೆಯ ಸಂಬಂಧವಾಗಲಿ ಲೇಶಮಾತ್ರವೂ ಇಲ್ಲದ ಸೇಂಟ್ ಕಿಲ್ಡಾದ ಜನರ ಬಳಿಗೆ ನನ್ನನ್ನು ಕರೆದೊಯ್ದದ್ದೂ ಈ ಚಪಲವೇ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಹೊರ ಹೆಬ್ರಿಡೀಸ್ ದ್ವೀಪಗಳನ್ನೂ ದಾಟಿ ಸುಮಾರು 40 ಮೈಲಿ ದೂರದಲ್ಲಿ, ಅಟ್ಲಾಂಟಿಕ್ ಸಾಗರದೊಳಗೆ ಕಡಿದಾದ ಬಂಡೆಗಳಾಗಿ ಎದ್ದುನಿಂತಿರುವ ಆ ದ್ವೀಪಸ್ತೋಮದಲ್ಲಿ ಹಿರ್ಟಾ ಎಂಬ ಒಂದು ದ್ವೀಪದಲ್ಲಿ ಮಾತ್ರ ಊರೊಂದಿತ್ತು. ಆ ಊರಿಗೆ ಒಂದೇ ಬೀದಿ, ಆ ಬೀದಿಗೆ 1860ರ ದಶಕದ ಆದಿಯಲ್ಲಿ ಕಟ್ಟಿದ 16 ಮನೆಗಳು.

ಅಲ್ಲಿಯ ಮೊಟ್ಟಮೊದಲ ಪಟಗಳನ್ನು ತೆಗೆದವನು 1860ರಲ್ಲಿ ಅಲ್ಲಿಗೆ ಹೋದ ಕ್ಯಾಪ್ಟನ್ ಥಾಮಸ್ ಎಂಬ ನೌಕಾಧಿಕಾರಿ. ಗಾಜಿನ ಫಲಕಕ್ಕೆ ದ್ರವವನ್ನು ಲೇಪಿಸಿ, ಅದು ಆರುವುದರೊಳಗೆ ಪಟ ತೆಗೆದು ತೊಳೆಯಬೇಕಾಗಿದ್ದ ಆ ದಿನಗಳಲ್ಲಿ, ಎದುರು ನಿಂತವರು ಹಲವು ಕ್ಷಣ ಕಲ್ಲಿನಂತೆ ಅಲುಗಾಡದೆ ಇರಬೇಕಾಗಿತ್ತು. ಕದಲಿದ ಕೂಸು ಹೊಗೆಯಾಗಿಬಿಡುತ್ತಿತ್ತು. ಹಳೆಯ ಪಟಗಳಲ್ಲಿ ಎಲ್ಲರೂ ಬಿಗಿದ ಮೋರೆಯವರಾಗಿ ಕಾಣುವುದನ್ನು ಕಂಡು, ಆ ಕಾಲದವರಿಗೆ ನಗುವೇ ಬಾರದೆಂದು ಭಾವಿಸುವ ನಾವು ಈ ಸಂಗತಿಯನ್ನು ಮರೆಯುತ್ತೇವೆ.

ಅತ್ಯಂತ ಪ್ರಸಿದ್ಧವಾದ ಪಟ 1886ರದು, ಅಬರ್ಡೀನಿನ ಜಾರ್ಜ್ ವಾಷಿಂಗ್ಟನ್ ವಿಲ್ಸನ್ನನ ಸಂಸ್ಥೆಯದು. ಟೊಪ್ಪಿಗೆ ಧರಿಸಿದ ಗಡ್ಡದ ಗಂಡಸರು ಬೀದಿಯಲ್ಲಿ ಸಾಲಾಗಿ ನೆರೆದಿದ್ದಾರೆ. ಇದಕ್ಕೆ ‘ಪಾರ್ಲಿಮೆಂಟು’ ಎಂದು ಹೆಸರು. ಸಭಾಪತಿಯಿಲ್ಲದ, ನಡವಳಿ ಬರೆಯುವವರಿಲ್ಲದ ಈ ಸಭೆ ಭಾನುವಾರ ಹೊರತಾಗಿ ಪ್ರತಿದಿನ ಬೆಳಗ್ಗೆ ಸೇರಿ, ಅಂದು ಮಾಡತಕ್ಕ ಕೆಲಸವೇನೆಂಬುದನ್ನು ನಿರ್ಧರಿಸುತ್ತಿತ್ತು. ಅವರ ಆಹಾರದ ಬಹುಪಾಲು, ದೀಪದ ಎಣ್ಣೆ, ಜಮೀನ್ದಾರನಿಗೆ ತೆರಬೇಕಾದ ಗರಿಗಳು ಎಲ್ಲವೂ ಫುಲ್ಮರ್, ಗ್ಯಾನೆಟ್, ಪಫಿನ್ ಎಂಬ ಕಡಲಹಕ್ಕಿಗಳಿಂದಲೇ ಬರತಕ್ಕವು; ಹಕ್ಕಿಗಳೋ ಸಮುದ್ರಕ್ಕೆ ನೆಟ್ಟಗೆ ಇಳಿಯುವ ಬಂಡೆಗಳ ಸಂದಿನಲ್ಲಿ. ‘ಪಾರ್ಲಿಮೆಂಟು’ ಎಂಬ ಹೆಸರಿನಲ್ಲಿ ನೋಟಕರ ಕುಚೋದ್ಯವೂ ಸ್ವಲ್ಪ ಬೆರೆತಿದೆ. ಆದರೆ ಹಗ್ಗದ ತುದಿಗೆ ಯಾರು ಇಳಿಯಬೇಕು, ಮೇಲೆ ನಿಂತು ಅದನ್ನು ಹಿಡಿಯುವವರು ಯಾರು ಎಂಬ ಪ್ರಶ್ನೆಯನ್ನು ಚರ್ಚಿಸುವ ಸಭೆಯಲ್ಲಿ ವೃಥಾಲಾಪಕ್ಕೆ ಅವಕಾಶ ಎಷ್ಟಿದ್ದೀತು?

ಬೇಸಗೆಯಲ್ಲಿ ಉಗಿಹಡಗುಗಳು ಪ್ರವಾಸಿಗಳನ್ನು ತರಲಾರಂಭಿಸಿದ ತರುವಾಯ ಕ್ಯಾಮರಾಗಳು ಹೆಚ್ಚಿದುವು. ಶಾಲು ಹೊದ್ದ ಬರಿಗಾಲಿನ ಹೆಂಗಸರು, ನೂಲುವ ಮುದುಕಿ, ಹಕ್ಕಿಗಳನ್ನು ಪಾಲು ಹಾಕುತ್ತಿರುವ ಗಂಡಸರು. ಪಟಕ್ಕೆ ನಿಲ್ಲಲು ಇವರು ಹಣ ಕೇಳುತ್ತಾರೆಂದು ಕೆಲವರು ಆಕ್ಷೇಪಿಸಿದ್ದುಂಟು. ನನಗೆ ಇದರಲ್ಲಿ ದೋಷವೇನೂ ಕಾಣದು. ಮೃಗಾಲಯಕ್ಕೆ ಹೋದವನು ಟಿಕೇಟು ಕೊಳ್ಳುವುದಿಲ್ಲವೆ?

ಕುಟುಂಬಗಳ ನಡುವೆ ಪಾದ್ರಿಗಳ ಪಟಗಳೂ ಬರುತ್ತವೆ. 1865ರಿಂದ 1889ರವರೆಗೆ ಅಲ್ಲಿದ್ದ ಫ್ರೀ ಚರ್ಚಿನ ಜಾನ್ ಮೆಕೇ ಮಹಾಶಯನ ಹೆಸರು, ಭಾನುವಾರದ ದೀರ್ಘ ಆರಾಧನೆಗಳ ಮತ್ತು ಕಠೋರ ನಿಯಮಗಳ ದೆಸೆಯಿಂದ, ಹೋಗಿಬಂದವರ ಬರವಣಿಗೆಯಲ್ಲೆಲ್ಲ ಕಟುವಾಗಿಯೇ ಉಳಿದಿದೆ. ನನ್ನ ಮನಸ್ಸು ನಿಲ್ಲುವುದು ಆತನ ನಂತರ ಬಂದ ಆಂಗಸ್ ಫಿಡ್ಸ್‌ನ ಬಳಿ. ಆ ದ್ವೀಪದಲ್ಲಿ ಶಿಶುಗಳನ್ನು ಹುಟ್ಟಿದ ಎಂಟು ದಿನಗಳ ಆಸುಪಾಸಿನಲ್ಲಿ ಒಯ್ಯುತ್ತಿದ್ದ ವ್ಯಾಧಿಯೊಂದಿತ್ತು. ಹೊಕ್ಕುಳಬಳ್ಳಿಯ ಗಾಯಕ್ಕೆ ಸೋಂಕು ತಗುಲಿ ಬರುವ ಧನುರ್ವಾಯು ಅದು. ಹುಟ್ಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೀಗೆ ತೀರಿಹೋದ ದಶಕಗಳುಂಟು. ದೈವೇಚ್ಛೆಯೆಂದು ಊರು ತಲೆಬಾಗಿದ್ದ ಈ ವಿಪತ್ತನ್ನು ಫಿಡ್ಸ್ ಒಪ್ಪಲಿಲ್ಲ. ಗ್ಲಾಸ್ಗೋ ನಗರಕ್ಕೆ ಹೋಗಿ ಸೂಲಗಿತ್ತಿಯರು ಕಲಿಯತಕ್ಕ ವಿದ್ಯೆಯನ್ನು, ಕ್ರಿಮಿನಾಶಕ ಔಷಧಗಳ ಬಳಕೆಯನ್ನು, ಧರ್ಮೋಪದೇಶಕನಾದ ತಾನೇ ಕಲಿತು ಬಂದನು. ಆ ಶತಮಾನ ಮುಗಿಯುವುದರೊಳಗೆ ವ್ಯಾಧಿ ಅಳಿಯಿತು.

ಇದನ್ನು ತಿಳಿದ ಮೇಲೆ, ಚರ್ಚಿಗೆ ಹೊಂದಿಸಿ ಕಟ್ಟಿದ ಶಾಲೆಯ ಮಕ್ಕಳ ಪಟಗಳನ್ನು ನಾನು ನೋಡುವ ಬಗೆಯೇ ಬದಲಾಯಿತು. ಮನೆಯಲ್ಲಿ ಗೇಲಿಕ್ ಭಾಷೆ, ಶಾಲೆಯಲ್ಲಿ ಇಂಗ್ಲಿಷು; ಒಂದು ಮರವೂ ಇಲ್ಲದ ದ್ವೀಪದಲ್ಲಿ ಕುಳಿತು ಪರಭಾಷೆಯಲ್ಲಿ ಕಾಡಿನ ಪಾಠವನ್ನು ಓದುವುದೆಂದರೆ ಹೇಗಿದ್ದೀತೆಂದು ಊಹಿಸಲು ಯತ್ನಿಸುತ್ತೇನೆ. ಮುಂದೆ ಅವರಲ್ಲಿ ಕೆಲವರ ಪಾಲಿಗೆ ಆ ಕಾಡು ಪಾಠದಿಂದೆದ್ದು ಎದುರಿಗೇ ಬಂದಿತು. ವಲಸೆಯಿಂದಲೂ ರೋಗದಿಂದಲೂ ದುಡಿಯುವ ಕೈಗಳು ಕಡಮೆಯಾಗಿ, 1930ರ ಆಗಸ್ಟ್ 29ರಂದು ಉಳಿದಿದ್ದ 36 ಮಂದಿ ತಮ್ಮದೇ ಕೋರಿಕೆಯಂತೆ ಹೇರ್‌ಬೆಲ್ ಎಂಬ ನೌಕೆಯನ್ನೇರಿ ಹಿರ್ಟಾವನ್ನು ಬಿಟ್ಟರು. ಮನೆಮನೆಯಲ್ಲಿಯೂ ತೆರೆದ ಬೈಬಲನ್ನೂ ಒಂದು ಹಿಡಿ ಓಟ್ಸ್ ಧಾನ್ಯವನ್ನೂ ಇರಿಸಿ ಬಂದರಂತೆ. ಮರವನ್ನೇ ಕಾಣದೆ ಬೆಳೆದ ಗಂಡಸರಿಗೆ ಸರ್ಕಾರ ಕೊಟ್ಟ ಉದ್ಯೋಗ ಅರಣ್ಯ ಇಲಾಖೆಯಲ್ಲಿ! ಇಂಥ ವಿನೋದ ಸರ್ಕಾರಗಳಿಗೆ ಮಾತ್ರ ಹೊಳೆಯುತ್ತದೆ.

ಈ ಪಟಗಳನ್ನು ನೋಡುವ ನಾವೆಲ್ಲರೂ ಕಥೆಯ ಕೊನೆಯ ಪುಟವನ್ನು ಮೊದಲೇ ಓದಿಕೊಂಡು ಬಂದವರು. ಆದಕಾರಣ ಪ್ರತಿಯೊಂದು ಮುಖದಲ್ಲಿಯೂ ವಿಷಾದವನ್ನು ಹುಡುಕುತ್ತೇವೆ, ಹುಡುಕಿದುದರಿಂದಲೇ ಕಾಣುತ್ತೇವೆ. ಶಾಲೆಯ ಪಟವೊಂದರಲ್ಲಿ ಸಾಲಿನ ಕೊನೆಗೆ ನಿಂತ ಹುಡುಗನೊಬ್ಬ ಹುಬ್ಬು ಗಂಟಿಕ್ಕಿದ್ದಾನೆ. ಬಹುದಿನ ಅದನ್ನು ದುಃಖವೆಂದೇ ಎಣಿಸಿದ್ದೆ. ಬಾಲ್ಯದಲ್ಲಿ ನಾನೂ ಇಂಥದೇ ಸಾಲಿನಲ್ಲಿ, ‘ಅಲ್ಲಾಡಬೇಡಿ’ ಎಂಬ ಮೇಷ್ಟರ ಗದರಿಕೆಗೆ ಉಸಿರು ಬಿಗಿಹಿಡಿದು ನಿಂತವನೆಂಬುದು ಒಂದು ದಿನ ನೆನಪಾಯಿತು, ಮತ್ತೆ ನೋಡಿದೆ. ಉಳಿದ ಮಕ್ಕಳ ನೆರಳುಗಳೆಲ್ಲ ಹಿಂದಕ್ಕೆ, ಗೋಡೆಯ ಕಡೆಗೆ ಬಿದ್ದಿವೆ. ಬಿಸಿಲು ನೇರವಾಗಿ ಹುಡುಗನ ಕಣ್ಣಿಗೆ ಹೊಡೆಯುತ್ತಿದೆ.